‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ಮೊದಲು

ವಿಷಮದ್ಯ ಕುಡಿದು ಯಾರದೋ ಕಣ್ಣು ಹೋಯಿತು ಎಂಬ ಸುದ್ದಿ ಬಂದರೆ ನಮ್ಮಲ್ಲಿ ತೀರ್ಪು ಹೊರಬೀಳಲು ತಡವಾಗುವುದಿಲ್ಲ. ಭದ್ರಾವತಿ ಓಲ್ಡ್ ಟೌನ್‌ನ ಟೀ ಅಂಗಡಿಯಾಗಲಿ, ಶಿವಮೊಗ್ಗದ ಬಸ್ ಸ್ಟ್ಯಾಂಡಾಗಲಿ, ಮಾತು ಒಂದೇ: ‘ಯಾರು ಕುಡಿ ಅಂದಿದ್ರು ಮಾರಾಯ ಅವ್ನಿಗೆ? ಮಾಡಿದ್ದುಣ್ಬೇಕು.’ ಹೀಗೆ ಹೇಳುವವರು ಕೆಟ್ಟವರೇನಲ್ಲ. ಕುಡುಕ ಅಣ್ಣನನ್ನೋ ಭಾವನನ್ನೋ ಸಾಕಿ ಸಾಕಾದವರು, ಪಕ್ಕದ ಮನೆಯ ರಾತ್ರಿ ಜಗಳ ಕೇಳಿ ಕೇಳಿ ಬೇಸತ್ತವರು. ಅವರ ಮಾತಿನ ಹಿಂದೆ ಅನುಭವದ ಬಲ ಇರುವುದರಿಂದಲೇ ಅದನ್ನು ಯಾರೂ ಎದುರಿಸುವ ಗೋಜಿಗೆ ಹೋಗುವುದಿಲ್ಲ.

ಮಾತು ಟೀ ಅಂಗಡಿಯಲ್ಲೇ ಉಳಿದಿದ್ದರೆ ಬಿಟ್ಟುಬಿಡಬಹುದಿತ್ತು. ಅದು ಸರ್ಕಾರದ ನೀತಿಯೂ ಆಗುತ್ತದೆ. 2022ರ ಡಿಸೆಂಬರಿನಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ವಿಷಮದ್ಯಕ್ಕೆ ಹತ್ತಾರು ಜನ ಬಲಿಯಾದಾಗ ಅಲ್ಲಿನ ಮುಖ್ಯಮಂತ್ರಿ ನಿತೀಶ್ ಕುಮಾರ್, ಕುಡಿದರೆ ಸಾಯುತ್ತಾರೆ ಎಂದು ಬಹಿರಂಗವಾಗಿಯೇ ಹೇಳಿದರು. ಪರಿಹಾರದ ಮಾತೇ ಇಲ್ಲ ಎಂದರು. ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ, 2023ರ ಏಪ್ರಿಲಿನಲ್ಲಿ ಮೋತಿಹಾರಿಯಲ್ಲಿ ಮತ್ತೆ ಸಾವುಗಳಾದ ಮೇಲೆ, ಅವರೇ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಘೋಷಿಸಿದರು; ಅದನ್ನು 2016ರ ಪಾನನಿಷೇಧದ ದಿನದಿಂದಲೇ ಲೆಕ್ಕಕ್ಕೆ ತಂದರು. ಮುಖ್ಯಮಂತ್ರಿ ಮಾತು ನುಂಗಿಕೊಂಡರು. ನಮ್ಮ ಟೀ ಅಂಗಡಿ ಇನ್ನೂ ನುಂಗಿಕೊಂಡಿಲ್ಲ.

ನನ್ನ ವಾದ ಇಷ್ಟು. ‘ಕುಡಿದವನ ಕರ್ಮ’ ಎಂಬ ತೀರ್ಪು ವಿಜ್ಞಾನದ ಪ್ರಕಾರ ಸುಳ್ಳು, ನ್ಯಾಯದ ಪ್ರಕಾರ ತಪ್ಪು. ಅದಕ್ಕಿಂತ ಕೆಟ್ಟದ್ದೆಂದರೆ, ಉಳಿಯಬಹುದಾಗಿದ್ದ ಕಣ್ಣುಗಳನ್ನು ಆ ತೀರ್ಪೇ ಕಳೆಯುತ್ತದೆ.

ಮೊದಲು ವಿಜ್ಞಾನ. ಬಾರಿನಲ್ಲಿ ಸಿಗುವ ಮದ್ಯದಲ್ಲಿ ಅಮಲು ಬರಿಸುವುದು ಎಥನಾಲ್. ಕಣ್ಣು ಕೀಳುವುದು ಮೆಥನಾಲ್. ಎರಡೂ ನೀರಿನಂತೆ ತಿಳಿ. ನಾಲಿಗೆಗೂ ಮೂಗಿಗೂ ವ್ಯತ್ಯಾಸ ಸಿಗುವುದು ಕಷ್ಟ. ಬೆಂಕಿಕಡ್ಡಿ ಗೀರಿ ನೀಲಿ ಜ್ವಾಲೆ ಬಂದರೆ ‘ಒಳ್ಳೆ ಮಾಲು’ ಎಂದು ನಂಬುವವರಿದ್ದಾರೆ; ಮೆಥನಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ. ಹೊಟ್ಟೆ ಸೇರಿದ ಮೆಥನಾಲನ್ನು ಪಿತ್ತಜನಕಾಂಗ ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ. ಈ ಫಾರ್ಮಿಕ್ ಆಮ್ಲವೇ ಕೊಲೆಗಾರ. ಜೀವಕೋಶ ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಹಂತವನ್ನು ಅದು ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದೂ ಕೋಶ ಉಸಿರುಗಟ್ಟುತ್ತದೆ. ಸದಾ ಶಕ್ತಿ ಬೇಡುವ ಅಂಗಕ್ಕೆ ಮೊದಲ ಪೆಟ್ಟು: ಅಕ್ಷಿಪಟಲಕ್ಕೆ, ಅದರ ಹಿಂದೆ ಕಣ್ಣನ್ನು ಮಿದುಳಿಗೆ ಜೋಡಿಸುವ ದೃಷ್ಟಿನರಕ್ಕೆ. ಶುದ್ಧ ಮೆಥನಾಲ್ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು, ಹೊಟ್ಟೆಗೆ ಹೋದರೆ ಕುರುಡು ಬರಬಹುದು. 30 ಮಿಲಿಲೀಟರ್ ಪ್ರಾಣ ತೆಗೆಯಬಹುದು ಎಂದು ವೈದ್ಯಗ್ರಂಥಗಳು ಹೇಳುತ್ತವೆ.

ಇಲ್ಲಿ ‘ಕರ್ಮ’ದ ವಾದವನ್ನು ತಲೆಕೆಳಗು ಮಾಡುವ ಸಂಗತಿಯೊಂದಿದೆ. ಮೆಥನಾಲನ್ನು ವಿಷವಾಗಿ ಮಾರ್ಪಡಿಸುವ ಕಿಣ್ವಕ್ಕೆ ಎಥನಾಲ್ ಕಂಡರೆ ಹಲವು ಪಟ್ಟು ಹೆಚ್ಚು ಒಲವು. ಎರಡೂ ಎದುರಿಗಿದ್ದರೆ ಅದು ಎಥನಾಲನ್ನೇ ಮೊದಲು ಹಿಡಿಯುತ್ತದೆ. ಅಷ್ಟರಲ್ಲಿ ಮೆಥನಾಲ್ ಮೂತ್ರದಲ್ಲೋ ಉಸಿರಿನಲ್ಲೋ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತಿರುತ್ತದೆ, ಡಯಾಲಿಸಿಸ್ ಮಾಡಿದರೆ ಬೇಗ ಹೋಗುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಫೊಮೆಪಿಜೋಲ್ ಎಂಬ ಪ್ರತಿವಿಷ ಇಲ್ಲದಿದ್ದರೆ ವೈದ್ಯರು ಕೊಡುವ ಮದ್ದು ಎಥನಾಲೇ. ವಿಯೆಟ್ನಾಮಿನ ಕ್ವಾಂಗ್ ಟ್ರಿ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಇಂಥ ರೋಗಿಯ ಹೊಟ್ಟೆಗೆ 15 ಕ್ಯಾನ್ ಬಿಯರ್ ಇಳಿಸಿ ಜೀವ ಉಳಿಸಿದ್ದು 2019ರಲ್ಲಿ ಲೋಕಕ್ಕೆಲ್ಲ ಸುದ್ದಿಯಾಯಿತು. ಮನೆಯಲ್ಲಿ ಯಾರೂ ಇದನ್ನು ಪ್ರಯೋಗಿಸಬೇಕಾಗಿಲ್ಲ; ಅಳತೆ ನೋಡಿ, ರಕ್ತ ಪರೀಕ್ಷಿಸುತ್ತ ಆಸ್ಪತ್ರೆಯಲ್ಲಿ ಮಾಡುವ ಕೆಲಸ ಅದು. ಆದರೆ ‘ಕುಡಿತ ಕಣ್ಣು ಕಿತ್ತಿತು’ ಎನ್ನುವವರು ಒಂದು ಗಳಿಗೆ ಯೋಚಿಸಲಿ. ಕುಡಿತವೇ ಕಣ್ಣು ಕಿತ್ತಿದ್ದರೆ ಕುಡಿತವೇ ಮದ್ದಾಗುತ್ತಿರಲಿಲ್ಲ. ಅವನು ಕುಡಿಯಲು ಹೋದದ್ದು ಒಂದನ್ನು. ಅವನ ಲೋಟಕ್ಕೆ ಬಿದ್ದದ್ದು ಇನ್ನೊಂದು.

ಆ ಇನ್ನೊಂದು ಎಂಥದ್ದು ಎಂದು ಭದ್ರಾವತಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1923ರ ಜನವರಿಯಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಹಾಕುತ್ತಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಗಾಳಿಯಾಡದ ಉಕ್ಕಿನ ಗೂಡಿನಲ್ಲಿ ಸೌದೆ ಕಾಯಿಸಿದರೆ ಇದ್ದಿಲು ಉಳಿಯುತ್ತದೆ, ಹೊಗೆ ಏಳುತ್ತದೆ. ಆ ಹೊಗೆಯನ್ನು ಬಿಡದೆ ತಣಿಸಿ ಅದರಿಂದ ಡಾಂಬರು, ಸುಣ್ಣದ ಅಸಿಟೇಟು, ಮೀಥೈಲ್ ಆಲ್ಕೊಹಾಲು ತೆಗೆಯುವ ಘಟಕ ಕಾರ್ಖಾನೆಯಲ್ಲಿಯೇ ಇತ್ತು. ವಿಶ್ವೇಶ್ವರಯ್ಯನವರ ಲೆಕ್ಕಾಚಾರದಲ್ಲಿ ಈ ಉಪ ಉತ್ಪನ್ನಗಳಿಗೂ ಜಾಗವಿತ್ತು. ಮೀಥೈಲ್ ಆಲ್ಕೊಹಾಲ್ ಅಂದರೆ ಮೆಥನಾಲೇ; ಹಳಬರು ಮರದ ಸಾರಾಯಿ ಎನ್ನುತ್ತಿದ್ದ ಸರಕು. ಅಂದರೆ ಇಡೀ ದೇಶದಲ್ಲಿ ಮೆಥನಾಲನ್ನು ಕಾರ್ಖಾನೆಯ ಪ್ರಮಾಣದಲ್ಲಿ ಮಾಡಿದ ಬೆರಳೆಣಿಕೆಯ ಊರುಗಳಲ್ಲಿ ಭದ್ರಾ ನದಿಯ ದಡದ ಈ ಊರೂ ಒಂದು. ಅದು ಇಲ್ಲಿ ತಯಾರಾದದ್ದು ರಾಸಾಯನಿಕವಾಗಿ. ಇವತ್ತೂ ಅದು ರಾಸಾಯನಿಕವೇ: ಫಾರ್ಮಾಲಿನ್ ಮಾಡಲು, ಪ್ಲೈವುಡ್ಡಿನ ಅಂಟಿಗೆ, ಬಣ್ಣಕ್ಕೆ, ಥಿನ್ನರಿಗೆ, ಔಷಧ ಕಾರ್ಖಾನೆಗೆ ಬೇಕಾದ ಸರಕು. ದೇಶಕ್ಕೆ ಬೇಕಾದ ಮೆಥನಾಲಿನ ಬಹುಪಾಲು ಈಗ ಹೊರದೇಶದಿಂದ ಹಡಗಿನಲ್ಲಿ ಬಂದು ಟ್ಯಾಂಕರು, ಡ್ರಮ್ಮುಗಳಲ್ಲಿ ಊರೂರಿಗೆ ಹೋಗುತ್ತದೆ. ಡ್ರಮ್ಮು ತಾನಾಗಿ ಕಾಲು ಬಂದು ಸಾರಾಯಿ ಕ್ಯಾನಿನೊಳಗೆ ಇಳಿಯುವುದಿಲ್ಲ. ಯಾರೋ ಕದಿಯುತ್ತಾರೆ, ಯಾರೋ ಮಾರುತ್ತಾರೆ, ಯಾರೋ ಕಣ್ಣುಮುಚ್ಚಿಕೊಳ್ಳುತ್ತಾರೆ, ಯಾರೋ ನೀರು ಬೆರೆಸಿ ಪ್ಯಾಕೆಟ್ ಕಟ್ಟುತ್ತಾರೆ. ಇಷ್ಟು ಕೈಗಳ ಕೆಲಸವನ್ನು ಕೊನೆಯಲ್ಲಿ ಲೋಟ ಹಿಡಿದ ಒಂದು ಕೈಯ ‘ಕರ್ಮ’ ಎಂದು ಬರೆದುಬಿಡುವುದು ಯಾವ ಧರ್ಮಶಾಸ್ತ್ರ?

ಕುಡಿಯದವರ ಕಣ್ಣನ್ನೂ ಮೆಥನಾಲ್ ಬಿಟ್ಟಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬಿಯರ್ ಕಾರ್ಖಾನೆಗಳ ದೊಡ್ಡ ಪೀಪಾಯಿಗಳ ಒಳಗಿಳಿದು ವಾರ್ನಿಷ್ ಬಳಿಯುತ್ತಿದ್ದ ಕೂಲಿಗಳು ಮರದ ಸಾರಾಯಿಯ ಆವಿ ಕುಡಿದೇ ಕುರುಡಾದರು. ಒಂದು ಗುಟುಕನ್ನೂ ಬಾಯಿಗೆ ಹಾಕಿರಲಿಲ್ಲ. 2015–16ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊಬೈಲ್ ಫೋನಿನ ಅಲ್ಯೂಮಿನಿಯಂ ಬಿಡಿಭಾಗ ಕೊರೆಯುವ ಸಣ್ಣ ಕಾರ್ಖಾನೆಗಳಲ್ಲಿ, ಯಂತ್ರ ತಣಿಸಲು ಎಥನಾಲಿನ ಬದಲು ಅಗ್ಗದ ಮೆಥನಾಲ್ ಸಿಂಪಡಿಸಿದರು. ಗುತ್ತಿಗೆಗೆ ಬಂದ ಯುವ ಕಾರ್ಮಿಕರು ಒಬ್ಬೊಬ್ಬರಾಗಿ ದೃಷ್ಟಿ ಕಳೆದುಕೊಂಡರು. ನಮ್ಮ ಕೈಯಲ್ಲಿರುವ ಫೋನಿನಂಥದೇ ಫೋನು ಮಾಡುತ್ತಿದ್ದವರು. ಅವರದು ಯಾರ ಕರ್ಮ? ಅಲ್ಲಿ ಎಥನಾಲ್ ಬಿಟ್ಟು ಮೆಥನಾಲ್ ಹಿಡಿದದ್ದು ನಾಲ್ಕು ಕಾಸು ಉಳಿಸಲು. ಸಾರಾಯಿಗೆ ಮೆಥನಾಲ್ ಬೆರೆಸುವುದೂ ನಾಲ್ಕು ಕಾಸು ಉಳಿಸಲು. ಒಂದೇ ಲೋಭ, ಒಂದೇ ರಾಸಾಯನಿಕ, ಒಂದೇ ನರ. ಒಂದು ಕಡೆ ನಾವು ‘ಪಾಪ’ ಎನ್ನುತ್ತೇವೆ, ಇನ್ನೊಂದು ಕಡೆ ‘ಬೇಕಾಗಿತ್ತು’ ಎನ್ನುತ್ತೇವೆ.

ಹಾಗೆಂದು ಕುಡಿದವರೆಲ್ಲರಿಗೂ ನಾವು ‘ಬೇಕಾಗಿತ್ತು’ ಎನ್ನುವುದಿಲ್ಲ. 2024ರ ನವೆಂಬರಿನಲ್ಲಿ ಲಾವೋಸಿನ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ ಮೆಥನಾಲಿಗೆ ಆರು ವಿದೇಶಿ ಪ್ರವಾಸಿಗರು ಸತ್ತರು. ಮೋಜಿಗೆ ಹೋಗಿ ಕುಡಿದವರೇ. ಅವರ ದೇಶಗಳ ಪತ್ರಿಕೆಗಳು ಯಾರು ಬೆರೆಸಿದರು, ಎಲ್ಲಿಂದ ಬಂತು ಎಂದು ಕೇಳಿದವು. ಸರ್ಕಾರಗಳು ತಮ್ಮ ಪ್ರಜೆಗಳಿಗೆ ಎಚ್ಚರಿಕೆ ಹೊರಡಿಸಿದವು. ಹಮಾಲಿ ಕೆಲಸದವನು ಸಂಜೆ ಮೈಕೈ ನೋವಿಗೆ ಕುಡಿದು ಕುರುಡಾದರೆ ಆ ಪ್ರಶ್ನೆ ಏಳುವುದಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರಿಶಿನ ದತ್ತೂರಿ ಎಣ್ಣೆ ಬೆರೆಸಿದ್ದರಿಂದ ಜನ ಊದಿಕೊಂಡು ಸತ್ತರು. ಆ ಕಲಬೆರಕೆ ಕಣ್ಣಿಗೂ ಕೆಡುಕು ಮಾಡುವಂಥದ್ದು. ಅವತ್ತು ದೇಶ ಹಿಡಿದದ್ದು ಎಣ್ಣೆ ಬೆರೆಸಿದವರನ್ನು, ಕರಿದದ್ದು ತಿಂದವರನ್ನಲ್ಲ. ಕಲಬೆರಕೆ ಅಪರಾಧ ಎಂಬ ತಿಳಿವಳಿಕೆ ನಮಗೆ ಇದೆ. ಬಡವನ ಲೋಟದ ಹತ್ತಿರ ಬಂದಾಗ ಮಾತ್ರ ಅದು ಮರೆತುಹೋಗುತ್ತದೆ.

ಇನ್ನೊಂದು ಜನಪ್ರಿಯ ಮಾತು: ‘ಕಳ್ಳಭಟ್ಟಿ ಕುಡಿದ್ರೆ ಹಂಗೇ ಆಗೋದು.’ ಅದೂ ಅರ್ಧ ಸತ್ಯ. ಬೆಲ್ಲ ಕೊಳೆಸಿ ಇಳಿಸಿದ ಭಟ್ಟಿಯಲ್ಲಿ ಹುಟ್ಟುವ ಮೆಥನಾಲ್ ಅತ್ಯಲ್ಪ. ಆ ಭಟ್ಟಿ ಲಿವರ್ ಕೆಡಿಸಬಹುದು, ಮನೆ ಕೆಡಿಸಬಹುದು. ಒಂದೇ ರಾತ್ರಿಯಲ್ಲಿ ಇಡೀ ಕೇರಿಯ ಕಣ್ಣು ಕಸಿಯಲು ಡ್ರಮ್ಮಿನ ಮೆಥನಾಲೇ ಬೇಕು. ಅಬಕಾರಿ ದಾಳಿಯ ಸುದ್ದಿಗಳಲ್ಲಿ ಮಾತ್ರ ನಾವು ಓದುವುದು ಇಷ್ಟು ಲೀಟರ್ ಬೆಲ್ಲದ ಕೊಳೆ ವಶ, ತಾಂಡಾದ ಪೊದೆಯಲ್ಲಿ ಇಷ್ಟು ಕೊಡ ನಾಶ. ಕೊಳೆ ಚೆಲ್ಲಿದ ಚಿತ್ರ ಚೆನ್ನಾಗಿ ಬರುತ್ತದೆ. ಮೆಥನಾಲ್ ದಾಸ್ತಾನಿನ ಪುಸ್ತಕ ತೆಗೆದು, ಬಂದದ್ದಕ್ಕೂ ಹೋದದ್ದಕ್ಕೂ ತಾಳೆ ನೋಡುವ ಅಧಿಕಾರಿಯ ಚಿತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ. ಕಣ್ಣು ಉಳಿಸುವ ಕೆಲಸ ಮಾತ್ರ ಎರಡನೆಯದು.

ಸಾರಾಯಿ ನಿಷೇಧಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನಮ್ಮದೇ ಚರಿತ್ರೆ ತಿರುವಿ ನೋಡಲಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಕೊಂದಾಗ ಕರ್ನಾಟಕದಲ್ಲಿ ಸಾರಾಯಿ ಕಾನೂನುಬದ್ಧವಾಗಿತ್ತು. ಮರುವರ್ಷ ಓಣಂ ಹೊತ್ತಿನಲ್ಲಿ ಕೇರಳದ ವೈಪಿನ್ ದ್ವೀಪದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತು, ಅರವತ್ತಕ್ಕೂ ಹೆಚ್ಚು ಜನ ದೃಷ್ಟಿ ಕಳೆದುಕೊಂಡರು. ಅವರು ಕೊಂಡದ್ದು ಲೈಸೆನ್ಸ್ ಇದ್ದ ಸಾರಾಯಿ ಅಂಗಡಿಯಿಂದ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ವಿಧಾನಸಭಾ ಚುನಾವಣೆಯ ಗದ್ದಲದ ನಡುವೆ ಬೆಂಗಳೂರಿನ ಸುತ್ತಮುತ್ತ, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿಯಲ್ಲಿ ನೂರೈವತ್ತರ ಆಸುಪಾಸು ಜನ ಸತ್ತರು. ಬಿಹಾರದಲ್ಲಿ ಪೂರ್ಣ ನಿಷೇಧ; ಅಲ್ಲೂ ಸಾವು. ತಮಿಳುನಾಡಿನಲ್ಲಿ ಸರ್ಕಾರವೇ ಮದ್ಯದಂಗಡಿ ನಡೆಸುತ್ತದೆ. 2024ರ ಜೂನಿನಲ್ಲಿ ಕಳ್ಳಕುರಿಚ್ಚಿಯಲ್ಲಿ ಅರವತ್ತಕ್ಕೂ ಹೆಚ್ಚು ಸಾವು. ಮದ್ಯ ಮುಕ್ತವಾಗಿದ್ದಾಗಲೂ ಆಯಿತು, ನಿಷೇಧವಿದ್ದಾಗಲೂ ಆಯಿತು, ಸರ್ಕಾರವೇ ಮಾರಿದಾಗಲೂ ಆಯಿತು. ನೀತಿ ಬದಲಾದರೂ ಬದಲಾಗದೆ ಉಳಿದದ್ದು ಎರಡೇ: ಲೆಕ್ಕ ತಪ್ಪಿದ ಮೆಥನಾಲ್, ಮತ್ತು ಕಡಿಮೆ ದುಡ್ಡಿಗೆ ಅಮಲು ಹುಡುಕುವ ಬಡವ.

ಈ ತೀರ್ಪು ಕಣ್ಣು ಕಳೆಯುತ್ತದೆ ಎಂದೆನಲ್ಲ, ಅದು ಹೇಗೆ ಎಂದು ನೋಡೋಣ. ಮೆಥನಾಲ್ ಕುಡಿದ ತಕ್ಷಣ ಕಣ್ಣು ಹೋಗುವುದಿಲ್ಲ. ಸಾಮಾನ್ಯವಾಗಿ 12ರಿಂದ 24 ಗಂಟೆ, ಜೊತೆಗೆ ಎಥನಾಲೂ ಸೇರಿದ್ದರೆ ಇನ್ನೂ ಹೆಚ್ಚು ಹೊತ್ತು, ಅವನು ಬರೀ ಅಮಲಿನವನ ಹಾಗೆಯೇ ಇರುತ್ತಾನೆ. ಶನಿವಾರ ರಾತ್ರಿ ಕುಡಿದವನು ಭಾನುವಾರ ಮಧ್ಯಾಹ್ನ ತಲೆ ಹಿಡಿದುಕೊಂಡು ಕೂರುತ್ತಾನೆ, ಹೊಟ್ಟೆನೋವು ಎನ್ನುತ್ತಾನೆ, ವಾಂತಿ ಮಾಡುತ್ತಾನೆ. ಮನೆಯವರು ಏನು ಮಾಡುತ್ತಾರೆ? ‘ಇನ್ನೂ ಇಳಿದಿಲ್ಲ, ಮಲಗ್ಸಿ’ ಎಂದು ಮಜ್ಜಿಗೆ ಕೊಡುತ್ತಾರೆ, ನಿಂಬೆಹಣ್ಣು ಹಿಂಡುತ್ತಾರೆ, ಹುಣಸೆನೀರು ಕುಡಿಸುತ್ತಾರೆ. ಸಂಜೆ ಅವನು ‘ಕಣ್ಣು ಮಂಜು ಮಂಜಾಗ್ತಿದೆ, ಬೆಳಕು ನೋಡಕ್ಕಾಗ್ತಿಲ್ಲ’ ಎಂದರೆ ‘ಇನ್ನೂ ಕುಡಿ’ ಎಂಬ ಬೈಗುಳ. ಬೆಳಗಿನ ಜಾವ ಉಸಿರು ಜೋರಾಗುತ್ತದೆ. ರಕ್ತದಲ್ಲಿ ಸೇರಿದ ಆಮ್ಲವನ್ನು ಹೊರಹಾಕಲು ದೇಹ ಪಡುವ ಪಾಡು ಅದು. ಮನೆಯವರಿಗೆ ಅದು ಗೊರಕೆಯಂತೆ ಕೇಳುತ್ತದೆ. ಸೋಮವಾರ ಆಸ್ಪತ್ರೆಗೆ ಕರೆದೊಯ್ದರೂ ಮಾನ ಹೋಗುತ್ತದೆಂದು ‘ಊಟ ಹೆಚ್ಚುಕಮ್ಮಿ ಆಯ್ತು ಸಾರ್’ ಎನ್ನುತ್ತಾರೆ. ಬಾಯಿ ವಾಸನೆ ನೋಡಿದ ಸಿಬ್ಬಂದಿಯೂ ಕುಡಿತದ ಕೇಸು ಎಂದು ಒಂದು ಡ್ರಿಪ್ ಹಾಕಿ ಮಲಗಿಸಿದರೆ ಮುಗಿಯಿತು.

ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಗಂಟೆಯೊಳಗೆ ತಲುಪಬಹುದು. ದಾರಿ ತಿನ್ನದ ಎರಡು ದಿನವನ್ನು ತಿಂದದ್ದು ‘ಇಳಿಯಲಿ ಬಿಡು’ ಎಂಬ ಎರಡು ಮಾತು. ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕರೆ ಪ್ರತಿವಿಷದಿಂದ ವಿಷದ ತಯಾರಿ ನಿಲ್ಲಿಸಬಹುದು. ಸೋಡಿಯಂ ಬೈಕಾರ್ಬನೇಟಿನಿಂದ ಆಮ್ಲತೆ ಇಳಿಸಬಹುದು. ಫೋಲಿನಿಕ್ ಆಮ್ಲ ಕೊಟ್ಟು ಫಾರ್ಮಿಕ್ ಆಮ್ಲವನ್ನು ಬೇಗ ಕರಗಿಸಬಹುದು. ಡಯಾಲಿಸಿಸ್‌ನಲ್ಲಿ ಮೆಥನಾಲನ್ನೂ ಫಾರ್ಮಿಕ್ ಆಮ್ಲವನ್ನೂ ಹೊರಗೆ ಎಳೆಯಬಹುದು. ಇದರಲ್ಲಿ ಯಾವುದೂ ಚಂದ್ರಲೋಕದ ಚಿಕಿತ್ಸೆಯಲ್ಲ.

ತಡವಾದರೆ ಕಣ್ಣಿನ ವೈದ್ಯರು ನೋಡುವುದು ಇದು. ಟಾರ್ಚ್ ಬಿಟ್ಟರೆ ಕಿರಿದಾಗಬೇಕಾದ ಪಾಪೆ ಅಗಲವಾಗಿ ಹಾಗೇ ನಿಂತಿರುತ್ತದೆ. ಒಳಗೆ ದೃಷ್ಟಿನರ ಕಣ್ಣಿಗೆ ಸೇರುವ ಬಿಲ್ಲೆ ಮೊದಲ ದಿನಗಳಲ್ಲಿ ಕೆಂಪೇರಿ, ಸುತ್ತಲಿನ ಪಟಲ ಬಾತುಕೊಂಡಿರುತ್ತದೆ. ವಾರಗಳು ಕಳೆದ ಮೇಲೆ ಅದೇ ಬಿಲ್ಲೆ ಬಿಳಿಚಿಕೊಂಡು ಸೀಮೆಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ಕೆಲವರಿಗೆ ಸ್ವಲ್ಪ ದೃಷ್ಟಿ ಮರಳುತ್ತದೆ; ನಡುಮಧ್ಯೆ ಕಪ್ಪು ಕಲೆ ಉಳಿದು, ಎದುರಿಗೆ ನಿಂತವರ ಮುಖ ಬಿಟ್ಟು ಬದಿಯದು ಕಾಣುತ್ತದೆ. ಹಲವರಿಗೆ ಏನೂ ಮರಳುವುದಿಲ್ಲ. ಡಾ. ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ ನೇತ್ರದಾನ ಮಾಡಿದ ನಾಡು ನಮ್ಮದು. ‘ಬೇರೆ ಕಣ್ಣು ಹಾಕಿಸಬಹುದಲ್ಲ’ ಎಂದು ಮನೆಯವರು ಕೇಳುವುದು ಸಹಜ. ನೇತ್ರದಾನದಲ್ಲಿ ಬದಲಿಸುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು ಮಾತ್ರ. ಇವನ ಪೊರೆ ಫಳಫಳ ಚೆನ್ನಾಗಿಯೇ ಇದೆ. ಸತ್ತಿರುವುದು ಹಿಂದಿನ ನರ. ಅದನ್ನು ಯಾರೂ ದಾನ ಮಾಡಲಾರರು, ಯಾರೂ ಹೊಲಿಯಲಾರರು.

ಎದುರಾಳಿಯ ಗಟ್ಟಿ ವಾದಗಳಿಗೆ ಉತ್ತರ ಹೇಳದೆ ಜಾರಿಕೊಳ್ಳುವುದು ಸರಿಯಲ್ಲ. ಮೊದಲನೆಯದು ಹೆಂಗಸರ ವಾದ. ಎಲ್ಲಕ್ಕಿಂತ ತೂಕದ್ದೂ ಅದೇ. ‘ಸಂಬಳವೆಲ್ಲ ಅಲ್ಲಿಗೇ ಸುರಿದ, ಹೊಡೆದ, ಬಡಿದ. ಅವನ ಮೇಲೆ ಕನಿಕರ ಯಾಕೆ?’ ಕನಿಕರ ಬೇಡ. ಹೊಡೆದದ್ದಕ್ಕೆ ಕೇಸು ಹಾಕಿ, ಸಂಬಳ ಸುರಿದದ್ದಕ್ಕೆ ಜಗಳವಾಡಿ. ಅದು ನಿಮ್ಮ ಹಕ್ಕು. ಆದರೆ ಮೆಥನಾಲ್ ಕೊಟ್ಟ ಶಿಕ್ಷೆ ಯಾರ ಮೇಲೆ ಬಿತ್ತು ನೋಡಿ. ಕಣ್ಣಿದ್ದಾಗ ದುಡ್ಡಿನಲ್ಲಿ ಅರ್ಧವನ್ನಾದರೂ ಮನೆಗೆ ತರುತ್ತಿದ್ದವನು ಈಗ ಏನೂ ತರಲಾರ. ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವಳು ಅವಳೇ, ತಟ್ಟೆಯಲ್ಲಿ ಅನ್ನ ಎಲ್ಲಿ ಸಾರು ಎಲ್ಲಿ ಎಂದು ಬೆರಳು ಮುಟ್ಟಿಸಿ ತೋರಿಸುವವಳೂ ಅವಳೇ. ಗಂಡ ಮಾಡಿದ ತಪ್ಪಿಗೆ ಹೆಂಡತಿಗೆ ಜೀವಾವಧಿ. ಹೆಣ್ಣಿನ ಪರ ನಿಂತವರು ಮೆಚ್ಚುವ ನ್ಯಾಯವೇ ಇದು?

ಎರಡನೆಯದು ತೆರಿಗೆದಾರರ ವಾದ. ಕಳ್ಳಕುರಿಚ್ಚಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಘೋಷಿಸಿದಾಗ, ಕಳ್ಳ ಮದ್ಯ ಕುಡಿದವರಿಗೆ ನಮ್ಮ ದುಡ್ಡೇಕೆ ಎಂದು ಮದ್ರಾಸ್ ಹೈಕೋರ್ಟಿಗೆ ಅರ್ಜಿಯೇ ಹೋಯಿತು. ಪರಿಹಾರದ ಆಸೆಗೆ ಯಾರೂ ಮೆಥನಾಲ್ ಕುಡಿಯುವುದಿಲ್ಲ ಎಂಬುದನ್ನು ಪಕ್ಕಕ್ಕಿಡೋಣ. ದುಡ್ಡಿನ ಮಾತೇ ಆಡೋಣ. 2025–26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಕುಡಿಯುವವನ ಜೇಬಿನಿಂದ ಇಷ್ಟು ತೆಗೆದು ರಸ್ತೆ ಹಾಕಿಸಿ, ಸಂಬಳ ಕೊಟ್ಟು, ಗ್ಯಾರಂಟಿ ನಡೆಸುವ ನಾಡು ‘ಯಾರು ಕುಡಿ ಅಂದ್ರು’ ಎಂದು ಕೇಳಿದರೆ ನಗು ಬರುತ್ತದೆ. ಬಜೆಟ್ಟಿನಲ್ಲಿ ಗುರಿ ಬರೆದವರೇ ಕುಡಿ ಅಂದವರು. ಸುಂಕ ಏರಿದಾಗಲೆಲ್ಲ ‘ನೈಂಟಿ’ಯ ಬೆಲೆ ಏರುತ್ತದೆ, ಅದು ಕೈಗೆಟುಕದವನು ‘ಸೆಕೆಂಡ್ಸ್’ ಮಾಲಿನ ಕಡೆಗೆ, ಲಾಕ್‌ಡೌನಿನಲ್ಲಿ ಆದಂತೆ ಸ್ಯಾನಿಟೈಸರಿನ ಕಡೆಗೆ ಜಾರುತ್ತಾನೆ. 2020ರ ಜುಲೈನಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡಿನಲ್ಲಿ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತದ್ದು ಮರೆಯುವಷ್ಟು ಹಳೆಯದಲ್ಲ.

ಪರಿಹಾರದ ಬಗ್ಗೆ ನನ್ನ ತಕರಾರು ಬೇರೆ. ಅದು ಬಹುತೇಕ ಸತ್ತವರ ಸುತ್ತಲೇ ಸುತ್ತುತ್ತದೆ. ಪತ್ರಿಕೆ ಎಣಿಸುವುದು ಹೆಣವನ್ನು. ಬದುಕುಳಿದು ಕುರುಡಾದವನು ಮೂರನೆಯ ದಿನಕ್ಕೆ ‘ಚೇತರಿಸಿಕೊಂಡು ಬಿಡುಗಡೆ’ ಎಂಬ ಸಾಲಿನಲ್ಲಿ ಕಳೆದುಹೋಗುತ್ತಾನೆ. 1981ರ ಬೆಂಗಳೂರಿನ ಸಾವಿನ ಸಂಖ್ಯೆ ಎಲ್ಲರ ಬಾಯಲ್ಲಿದೆ. ಅದರಲ್ಲಿ ಕಣ್ಣು ಕಳೆದುಕೊಂಡು ಬದುಕಿದವರ ಮಾತನ್ನು ಯಾರೂ ಎತ್ತುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಧತ್ವವನ್ನು ಅಳತೆಯಿಂದ ಹೇಳುತ್ತದೆ: ಕನ್ನಡಕ ಹಾಕಿಯೂ ಚೆನ್ನಾಗಿರುವ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ ದೃಷ್ಟಿ, ಅಥವಾ 10 ಡಿಗ್ರಿಗಿಂತ ಕಿರಿದಾದ ನೋಟ. ಕಣ್ಣು ಯಾಕೆ ಹೋಯಿತು ಎಂದು ಕಾಯ್ದೆ ಕೇಳುವುದಿಲ್ಲ. ಗುರುತಿನ ಚೀಟಿ, ಮಾಸಾಶನ, ಬಸ್ ಪಾಸ್ ಎಲ್ಲಕ್ಕೂ ಅವನು ಅರ್ಹ. ‘ಕುಡಿದು ಕಳ್ಕೊಂಡಿದ್ದು’ ಎಂದು ಮುಖ ತಿರುಗಿಸುವ ನೆರೆಹೊರೆಗಿಂತ ಕಾನೂನಿಗೇ ಹೆಚ್ಚು ಕರುಣೆ ಇದೆ.

ಬೆರೆಸಿದವನ ವಿಷಯದಲ್ಲೂ ಕಾನೂನು ಸ್ಪಷ್ಟ. ಕುಡಿಯುವ ವಸ್ತುವಿಗೆ ಹಾನಿಕರ ಕಲಬೆರಕೆ, ವಿಷ ಕೊಟ್ಟು ಘಾಸಿ ಮಾಡುವುದು, ಎರಡೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ‘ಸ್ಪಿರಿಟ್ಟು ಕೈಗಾರಿಕೆಯ ವಿಷಯ, ಅದು ಕೇಂದ್ರದ್ದು’ ಎಂದು ರಾಜ್ಯಗಳು ನುಣುಚಿಕೊಳ್ಳುವ ದಾರಿಯೂ ಈಗ ಬಹುಮಟ್ಟಿಗೆ ಮುಚ್ಚಿದೆ. 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಕೈಗಾರಿಕಾ ಮದ್ಯಸಾರದ ನಿಯಂತ್ರಣವೂ ರಾಜ್ಯದ ಅಧಿಕಾರಕ್ಕೆ ಸೇರುತ್ತದೆ ಎಂದು 8–1ರ ಬಹುಮತದಿಂದ ಹೇಳಿತು. ಅಧಿಕಾರ ಸಿಕ್ಕಿದೆ, ಹೊಣೆಯೂ ಅದರ ಜೊತೆಗೇ ಬರುತ್ತದೆ.

ಹೊಣೆ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಜೆಕ್ ದೇಶ ನೋಡಿ. 2012ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೆಥನಾಲ್ ಬೆರೆತ ಬಾಟಲಿಗಳಿಂದ ಸಾವು ಶುರುವಾದಾಗ ಸರ್ಕಾರ ಕುಡಿದವರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ದೇಶಾದ್ಯಂತ ಗಡಸು ಮದ್ಯದ ಮಾರಾಟವನ್ನೇ ನಿಲ್ಲಿಸಿತು. ಬಾಟಲಿಯಿಂದ ಅಂಗಡಿಗೆ, ಅಂಗಡಿಯಿಂದ ಗೋದಾಮಿಗೆ ಹಿಂದಕ್ಕೆ ಹೋಗಿ ಬೆರೆಸಿದವರನ್ನು ಹಿಡಿಯಿತು. ಇಬ್ಬರು ಮುಖ್ಯ ಆರೋಪಿಗಳಿಗೆ ಜೀವಾವಧಿ ಶಿಕ್ಷೆ ಆಯಿತು. ಅಲ್ಲಿಯ ಜನ ನಮಗಿಂತ ಕಡಿಮೆ ಕುಡಿಯುವವರೇನಲ್ಲ.

ನಮ್ಮ ಜಿಲ್ಲೆಯಲ್ಲಿ ಮಾಡಬೇಕಾದದ್ದು ಅಸಾಧ್ಯವೇನಲ್ಲ. ಮೆಥನಾಲ್ ತರಿಸುವ ಪ್ರತಿ ಕಾರ್ಖಾನೆ, ಅಂಗಡಿ, ಗೋದಾಮಿನ ಪಟ್ಟಿ ಅಬಕಾರಿ ಕಚೇರಿಯಲ್ಲಿರಲಿ. ಡ್ರಮ್ಮಿಗೆ ಡ್ರಮ್ಮಿನ ತಾಳೆ ನಡೆಯಲಿ. ಮರಗೆಲಸದವರು ಅರಗು ಕರಗಿಸಿ ಪಾಲಿಶ್ ಮಾಡುವ ಸ್ಪಿರಿಟ್ಟು, ಬಣ್ಣದಂಗಡಿಯ ಥಿನ್ನರು ಬಿಡಿ ಮಾರುವಾಗ ಎದ್ದು ಕಾಣುವ ಬಣ್ಣ, ಬಾಯಿಗೆ ಹಾಕಲಾಗದ ಕಹಿ, ವಿಷ ಎಂಬ ಕನ್ನಡ ಚೀಟಿ ಕಡ್ಡಾಯವಾಗಲಿ. ಜಿಲ್ಲಾಸ್ಪತ್ರೆಯಲ್ಲಿ ಪ್ರತಿವಿಷದ ದಾಸ್ತಾನು ಇರಲಿ. ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಒಂದು ಸಾಲು ಇರಲಿ: ಕುಡಿದವನಿಗೆ ಕಣ್ಣು ಮಂಜಾದರೆ ಮೆಥನಾಲ್ ಎಂದೇ ತಿಳಿದು ಮುಂದುವರಿಯಿರಿ. ಪ್ರಕರಣ ಆದಾಗ ಸತ್ತವರ ಜೊತೆಗೆ ಕಣ್ಣು ಕಳೆದುಕೊಂಡವರ ಸಂಖ್ಯೆಯನ್ನೂ ಜಿಲ್ಲಾಡಳಿತ ಪ್ರಕಟಿಸಲಿ.

ಅಲ್ಲಿಯವರೆಗೆ ಓಲ್ಡ್ ಟೌನ್‌ನ ನೆರೆಹೊರೆಯವರು ಒಂದು ಕೆಲಸ ಮಾಡಬಹುದು. ನಿನ್ನೆ ಕುಡಿದವನು ಇವತ್ತು ಕಣ್ಣು ಮಂಜು, ಹೊಟ್ಟೆನೋವು ಎಂದರೆ ಮಜ್ಜಿಗೆಯ ಚೊಂಬು ಕೆಳಗಿಡಿ. ಆಟೊ ಕರೆಯಿರಿ ಇಲ್ಲವೇ 108ಕ್ಕೆ ಫೋನ್ ಮಾಡಿ. ಏನು ಕುಡಿದ, ಎಲ್ಲಿ ಕುಡಿದ, ಎಷ್ಟು ಹೊತ್ತಾಯಿತು ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಉಳಿದ ಬಾಟಲಿ ಇದ್ದರೆ ಜೊತೆಗೆ ಒಯ್ಯಿರಿ. ಅದೇ ಕ್ಯಾನಿನಿಂದ ಕುಡಿದವರು ಇನ್ನೂ ಚೆನ್ನಾಗಿದ್ದರೂ ಅವರನ್ನೂ ಎಬ್ಬಿಸಿ ಕರೆದೊಯ್ಯಿರಿ. ಉಪದೇಶ ಎಲ್ಲಿಗೂ ಓಡಿಹೋಗುವುದಿಲ್ಲ. ಅವನು ಮನೆಗೆ ಮರಳಿದ ಮೇಲೆ ಎದುರಿಗೆ ಕೂರಿಸಿಕೊಂಡು ಬೇಕಾದಷ್ಟು ಬೈಯಿರಿ, ಬೈಯಲೇಬೇಕು. ಬೈಯುವವರ ಮುಖ ಅವನಿಗೆ ಕಾಣುವಂತಿರಲಿ, ಅಷ್ಟೇ.